ಹೊಳೆ ದಾಟಿದವರು ದೋಣಿ ಬೇಡ ಅನ್ನುವುದೇಕೆ?

ಪ್ರಶ್ನೆ: ನಮ್ಮ ದೊಡ್ಡಪ್ಪ 1969ರಲ್ಲಿ ಡಾಕ್ಟರಾಗಿ ಇಂಗ್ಲೆಂಡಿಗೆ ಹೋದವರು. ಅಲ್ಲೇ ನೆಲೆಸಿದರು, ಅಲ್ಲೇ ರಿಟೈರ್ ಆದರು. ಶುರುವಿನಲ್ಲಿ ಬಾಡಿಗೆ ಮನೆ ಸಿಗದೆ ಪಟ್ಟ ಪಾಡನ್ನು ನಮಗೆ ಎಷ್ಟೋ ಸಲ ಹೇಳಿದ್ದಾರೆ. ಅಂಥವರು 2016ರಲ್ಲಿ ಯುರೋಪಿಯನ್ ಒಕ್ಕೂಟದಿಂದ ಹೊರಬರಬೇಕು ಅಂತ ವೋಟು ಹಾಕಿದರು. ಈಗ ಫೋನ್ ಮಾಡಿದಾಗಲೆಲ್ಲ 'ದೇಶ ತುಂಬಿಹೋಗಿದೆ, ಇನ್ನು ಯಾರನ್ನೂ ಒಳಗೆ ಬಿಡಬಾರದು' ಅನ್ನುತ್ತಾರೆ. ತಮಾಷೆ ಅಂದರೆ ಅವರ ಪಕ್ಕದ ಮನೆಯವರು ಪೋಲೆಂಡಿನಿಂದ ಬಂದವರು. ಅವರನ್ನು ಸ್ವಂತ ಮಕ್ಕಳ ಥರ ನೋಡಿಕೊಳ್ಳುತ್ತಾರೆ. ಇದು ಆಷಾಢಭೂತಿತನ ಅಲ್ವಾ? ತಾವೇ ವಲಸೆ ಬಂದವರು, ತಾವೇ ಅಲ್ಪಸಂಖ್ಯಾತರು. ಹೊಸಬರ ಮೇಲೆ ಯಾಕೆ ಈ ಸಿಟ್ಟು?

ಉತ್ತರ: ಆಷಾಢಭೂತಿ ಅನ್ನುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಆ ಹೆಸರು ಹಚ್ಚಿಬಿಟ್ಟರೆ ದೊಡ್ಡಪ್ಪನ ಜೊತೆ ಮಾತು ಅಲ್ಲಿಗೇ ಮುಗಿಯುತ್ತದೆ. ನಮಗೂ ಹೊಸದೇನೂ ತಿಳಿಯುವುದಿಲ್ಲ.

ಮೊದಲು ಲೆಕ್ಕ ಸರಿ ಮಾಡಿಕೊಳ್ಳೋಣ. 2016ರ ಜೂನ್ 23ರಂದು ವೋಟು ಹಾಕಿದ 12,000ಕ್ಕೂ ಹೆಚ್ಚು ಜನರನ್ನು ಲಾರ್ಡ್ ಆಶ್‌ಕ್ರಾಫ್ಟ್ ಅವರ ಸಮೀಕ್ಷೆ ಮಾತನಾಡಿಸಿತ್ತು. ಬಿಳಿಯರಲ್ಲಿ ಶೇ 53 ಮಂದಿ ಹೊರಬರುವ ಪರ ಇದ್ದರು. ಏಷ್ಯಾ ಮೂಲದವರಲ್ಲಿ ಶೇ 67 ಮಂದಿ, ಕಪ್ಪು ಜನರಲ್ಲಿ ಶೇ 73 ಮಂದಿ ಒಕ್ಕೂಟದಲ್ಲೇ ಉಳಿಯುವ ಪರ ಇದ್ದರು. ಅಂದರೆ ನಿಮ್ಮ ದೊಡ್ಡಪ್ಪ ತಮ್ಮವರ ನಡುವೆಯೂ ಅಲ್ಪಸಂಖ್ಯಾತರೇ. ಆದರೆ ಮೂರರಲ್ಲಿ ಒಂದು ಪಾಲು ಸಣ್ಣದೇನಲ್ಲ. ನೂರು ಜನ ಸೇರಿದ ಮದುವೆ ಮನೆಯಲ್ಲಿ ಅವರಂಥವರು ಮೂವತ್ತಕ್ಕೂ ಜಾಸ್ತಿ ಸಿಗುತ್ತಾರೆ.

ಹಾಗಿದ್ದೂ ನಮಗೆ ಆಶ್ಚರ್ಯ ಆಗುತ್ತದೆ. ಯಾಕೆಂದರೆ ನಮ್ಮೊಳಗೆ ಒಂದು ನಂಬಿಕೆ ಕೂತಿದೆ. ಕಷ್ಟ ಉಂಡವರಿಗೆ ಇನ್ನೊಬ್ಬರ ಕಷ್ಟ ಅರ್ಥವಾಗುತ್ತದೆ ಅನ್ನುವ ನಂಬಿಕೆ. ವಲಸೆಯ ಚರಿತ್ರೆ ಓದಿದವರು ಈ ನಂಬಿಕೆಯನ್ನು ಬೇಗ ಕಳೆದುಕೊಳ್ಳುತ್ತಾರೆ. ಕಷ್ಟ ಕೆಲವರನ್ನು ಮೆತ್ತಗೆ ಮಾಡುತ್ತದೆ, ಕೆಲವರನ್ನು ಗಟ್ಟಿ ಮಾಡುತ್ತದೆ. ಯಾರು ಯಾವ ಕಡೆ ವಾಲುತ್ತಾರೆ ಅನ್ನುವುದು ಸ್ವಭಾವಕ್ಕಿಂತ ಜಾಸ್ತಿ ಅವರು ಕೂತಿರುವ ಜಾಗದ ಮೇಲೆ ನಿಂತಿದೆ. ಆ ಜಾಗ ಎಷ್ಟು ಭದ್ರ, ಬರುತ್ತಿರುವವರು ಅದನ್ನು ಅಲುಗಾಡಿಸುತ್ತಾರಾ, ಅದು ಮುಖ್ಯ.

ಡೆನಿಸ್ ಕೀರ್ನಿ ಅನ್ನುವವನ ಕಥೆ ಕೇಳಿ. ಹುಟ್ಟಿದ್ದು ಐರ್ಲೆಂಡಿನ ಕಾರ್ಕ್ ಪ್ರಾಂತ್ಯದಲ್ಲಿ, 1847ರಲ್ಲಿ, ಬರಗಾಲದ ನಡುವೆ. ಆ ಬರದಲ್ಲಿ ಅಮೆರಿಕಕ್ಕೆ ಓಡಿಬಂದ ಐರಿಶ್ ಕ್ಯಾಥೊಲಿಕರನ್ನು 1850ರ ದಶಕದಲ್ಲಿ ಅಲ್ಲಿನ ಜನ ಅಟ್ಟಾಡಿಸಿದ್ದರು. ಇವರನ್ನು ದೂರ ಇಡಬೇಕು ಅಂತಲೇ ಒಂದು ರಾಜಕೀಯ ಪಕ್ಷ ಎದ್ದಿತ್ತು. ಕೀರ್ನಿ ಬೆಳೆದು, ಸ್ಯಾನ್ ಫ್ರಾನ್ಸಿಸ್ಕೊ ಸೇರಿ, ಗಾಡಿ ಸಾಗಣೆಯ ವ್ಯಾಪಾರ ಮಾಡಿದ. ಅಮೆರಿಕದ ಪೌರತ್ವ ಪಡೆದು ಹೆಚ್ಚು ದಿನ ಆಗಿರಲಿಲ್ಲ. 1877ರಲ್ಲಿ ಬಯಲಿನಲ್ಲಿ ನಿಂತು ಭಾಷಣ ಶುರು ಮಾಡಿದ. ಪ್ರತಿ ಭಾಷಣದ ಕೊನೆಗೆ ಒಂದೇ ಕೂಗು: ಚೀನೀಯರು ತೊಲಗಬೇಕು! ಐದು ವರ್ಷದೊಳಗೆ, 1882ರಲ್ಲಿ, ಚೀನೀ ಕೂಲಿಗಳ ಪ್ರವೇಶ ನಿಷೇಧಿಸುವ ಕಾನೂನು ಬಂತು. ಅದು ಹೋಗಿದ್ದು 1943ರಲ್ಲಿ. ಕೀರ್ನಿಯೊಬ್ಬನೇ ಅದನ್ನು ತಂದ ಅನ್ನುವಂತಿಲ್ಲ. ಆದರೆ ಆ ಕೂಗಿನಿಂದ ಅವನಿಗೆ ಸಿಕ್ಕಿದ್ದನ್ನು ಗಮನಿಸಿ. 'ನಾವು' ಅನ್ನುವ ಗುಂಪಿನೊಳಗೆ ಐರಿಶ್ ಜನರಿಗೂ ಜಾಗ ಸಿಕ್ಕಿತು. ಹೊರಗಿನವರು ಅಂತ ತೋರಿಸಲು ಬೇರೆಯವರು ಸಿಕ್ಕಿದ್ದರಲ್ಲ.

ಇದು ಬೈಗುಳದ ಕಥೆ. ಇದಕ್ಕಿಂತ ಮೆಲ್ಲನೆಯ, ನನಗೆ ಹೆಚ್ಚು ಕಾಡುವ ಕಥೆ ಲಂಡನ್ನಿನದು. ಬಡ ಯಹೂದಿಗಳಿಗೆ ಸಹಾಯ ಮಾಡಲು ಅಲ್ಲಿ 1859ರಲ್ಲಿ ಒಂದು ಯಹೂದಿ ದಾನ ಮಂಡಳಿ ಶುರುವಾಗಿತ್ತು. ನಡೆಸುತ್ತಿದ್ದವರು ತಲೆಮಾರುಗಳಿಂದ ಅಲ್ಲಿ ನೆಲೆ ನಿಂತ, ಅನುಕೂಲಸ್ಥ ಯಹೂದಿಗಳು. 1881ರ ನಂತರ ರಷ್ಯಾದಲ್ಲಿ ಯಹೂದಿಗಳ ಮೇಲೆ ದಾಳಿ ಶುರುವಾಯಿತು. ಬಡವರು, ಬೇರೆ ಭಾಷೆಯವರು, ಬೇರೆ ವೇಷದವರು ಸಾವಿರಗಟ್ಟಲೆ ಬಂದರು. ಮಂಡಳಿ ಅವರಿಗೆ ಊಟ ಕೊಟ್ಟಿತು, ಸಾಲ ಕೊಟ್ಟಿತು. ಜೊತೆಗೆ ಪೂರ್ವ ಯುರೋಪಿನ ಪತ್ರಿಕೆಗಳಲ್ಲಿ 'ಇಲ್ಲಿಗೆ ಬರಬೇಡಿ, ಇಲ್ಲಿ ಕೆಲಸ ಇಲ್ಲ' ಅಂತ ಜಾಹೀರಾತನ್ನೂ ಕೊಟ್ಟಿತು. ಸಾವಿರಾರು ಜನರಿಗೆ ಟಿಕೆಟ್ ತೆಗೆಸಿ ವಾಪಸ್ ಕಳಿಸಿತು. ಕೈ ಒಂದೇ. ಊಟ ಬಡಿಸಿದ್ದೂ ಅದೇ, ಬಾಗಿಲು ತೋರಿಸಿದ್ದೂ ಅದೇ.

ಯಾಕೆ? ಅವರ ಭಯ ಸುಳ್ಳಾಗಿರಲಿಲ್ಲ. ಬಹುಸಂಖ್ಯಾತರ ಕಣ್ಣು ಹಳಬರು ಯಾರು, ಹೊಸಬರು ಯಾರು ಅಂತ ಬೇರ್ಪಡಿಸಿ ನೋಡುವುದಿಲ್ಲ. ಹೊಸಬರ ಮೇಲೆ ಎದ್ದ ಸಿಟ್ಟು ಹಳಬರ ಮನೆ ಬಾಗಿಲಿಗೂ ಬರುತ್ತದೆ. ಅಲ್ಪಸಂಖ್ಯಾತರ ಮರ್ಯಾದೆ ಬಹಳ ಕಡೆ ಕೈಗಡ ತಂದ ಮರ್ಯಾದೆ. ಯಾವಾಗ ವಾಪಸ್ ಕೇಳುತ್ತಾರೋ ಗೊತ್ತಿಲ್ಲ. ಬಹುಸಂಖ್ಯಾತರಲ್ಲಿ ಒಬ್ಬ ಕದ್ದರೆ ಅವನು ಕಳ್ಳ. ಅಲ್ಪಸಂಖ್ಯಾತರಲ್ಲಿ ಒಬ್ಬ ಕದ್ದರೆ 'ಅವರೆಲ್ಲ ಹೀಗೇ'. ಇದು ಗೊತ್ತಿರುವವರು ತಮ್ಮವರನ್ನು ತಾವೇ ಕಾವಲು ಕಾಯಲು ಶುರು ಮಾಡುತ್ತಾರೆ.

ಈಗ ನಿಮ್ಮ ದೊಡ್ಡಪ್ಪನ ವರ್ಷಕ್ಕೆ ಬನ್ನಿ. ಅವರು ಹೋಗುವ ಹಿಂದಿನ ವರ್ಷ, 1968ರ ಏಪ್ರಿಲ್‌ನಲ್ಲಿ, ಈನಾಕ್ ಪೊವೆಲ್ ಅನ್ನುವ ರಾಜಕಾರಣಿ ಬರ್ಮಿಂಗ್‌ಹ್ಯಾಮಿನಲ್ಲಿ ವಲಸಿಗರ ವಿರುದ್ಧ ಆ ಕುಖ್ಯಾತ ಭಾಷಣ ಮಾಡಿದರು. ಇದೇ ಪೊವೆಲ್ 1960ರಿಂದ 63ರವರೆಗೆ ಆರೋಗ್ಯ ಮಂತ್ರಿಯಾಗಿದ್ದವರು. ಆಗ ಅವರ ಇಲಾಖೆಯ ಆಸ್ಪತ್ರೆಗಳು ಭಾರತ, ಪಾಕಿಸ್ತಾನದ ಡಾಕ್ಟರುಗಳನ್ನೇ ನೆಚ್ಚಿಕೊಂಡಿದ್ದವು. ದೊಡ್ಡಪ್ಪ ಹೋದ ಮೂರು ವರ್ಷಕ್ಕೆ, 1972ರ ಆಗಸ್ಟ್‌ನಲ್ಲಿ, ಉಗಾಂಡಾದ ಸರ್ವಾಧಿಕಾರಿ ಇದಿ ಅಮಿನ್ ಅಲ್ಲಿನ ಏಷ್ಯನ್ನರಿಗೆ 90 ದಿನದಲ್ಲಿ ದೇಶ ಬಿಡಿ ಅಂದ. ಅವರಲ್ಲಿ ಸುಮಾರು 28,000 ಜನ ಬ್ರಿಟನ್ನಿಗೆ ಬಂದರು. ಲೆಸ್ಟರ್ ನಗರಸಭೆ ಉಗಾಂಡಾದ ಪತ್ರಿಕೆಯಲ್ಲಿ 'ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ, ನಮ್ಮ ಊರಿಗೆ ಬರಬೇಡಿ' ಎಂಬರ್ಥದ ಜಾಹೀರಾತು ಕೊಟ್ಟಿತು. ಆದರೂ ಬಹಳ ಜನ ಅಲ್ಲಿಗೇ ಹೋದರು. 2021ರ ಜನಗಣತಿಯಲ್ಲಿ ಲೆಸ್ಟರ್‌ನ ಶೇ 43.4 ಮಂದಿ ಏಷ್ಯಾ ಮೂಲದವರು, ಶೇ 40.9 ಮಂದಿ ಬಿಳಿಯರು. ಜಾಹೀರಾತಿಗೆ ಕೊಟ್ಟ ದುಡ್ಡು ದಂಡ!

ಆ ಗಾಳಿಯಲ್ಲಿ ಬದುಕಿದ ತಲೆಮಾರು ಒಂದು ಪಾಠ ಕಲಿಯಿತು. ತಗ್ಗಿ ನಡೆ, ಚೆನ್ನಾಗಿ ಕೆಲಸ ಮಾಡು, ಯಾರ ಕಣ್ಣಿಗೂ ಬೀಳಬೇಡ, ಆಮೇಲೆ ಒಪ್ಪಿಕೊಳ್ಳುತ್ತಾರೆ. ಮೂವತ್ತು ವರ್ಷ ಹಾಗೆ ಬಾಳಿ ಗಳಿಸಿದ ಒಳ್ಳೆ ಹೆಸರು ಅದು. ಟಿ.ವಿ.ಯಲ್ಲಿ ದೋಣಿ ತುಂಬಾ ಬಂದಿಳಿಯುವ ಜನರನ್ನು ಕಂಡಾಗ ದೊಡ್ಡಪ್ಪನಿಗೆ ಕಾಣುವುದು ಆ ಜನರಷ್ಟೇ ಅಲ್ಲ. ಅವರ ಜೊತೆ ತಮ್ಮ ಖಾತೆಯಲ್ಲಿರುವ ಹೆಸರೂ ಮುಳುಗೀತು ಅನ್ನುವ ಅಳುಕು. ಅದನ್ನು ಅವರು ಬಾಯಿ ಬಿಟ್ಟು ಹೇಳಲಾರರು. ಹೇಳಿದರೆ ಇಷ್ಟು ವರ್ಷ ಆದ ಮೇಲೂ ತಾವು ಅಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿಲ್ಲ ಅಂತ ಒಪ್ಪಿಕೊಂಡ ಹಾಗಾಗುತ್ತದೆ.

ನಮ್ಮವರಿಗೆ ಈ ಚಾಳಿ ಹೊಸದೂ ಅಲ್ಲ. ಭಗತ್ ಸಿಂಗ್ ಥಿಂಡ್ ಅಮೆರಿಕದ ಸೈನ್ಯದಲ್ಲಿ ಇದ್ದವರು. ಅಲ್ಲಿಗೆ ವಲಸೆ ಬಂದವರಲ್ಲಿ ಆಗ ಪೌರತ್ವ ಸಿಗುತ್ತಿದ್ದದ್ದು ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ. ಥಿಂಡ್ ಅವರ ಕಡೆಯವರು ಆ ಕಾನೂನೇ ತಪ್ಪು ಅಂತ ವಾದಿಸಲಿಲ್ಲ. ಮೇಲ್ಜಾತಿಯ ಉತ್ತರ ಭಾರತೀಯರು ಆರ್ಯರು, ಹಾಗಾಗಿ ಬಿಳಿಯರೇ ಅಂತ ವಾದಿಸಿದರು. 1923ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬಾಗಿಲು ಎಲ್ಲರಿಗೂ ತೆಗೆಯಿರಿ ಅನ್ನುವುದು ಒಂದು. ನಾನು ಬಾಗಿಲಿನ ಆ ಕಡೆಯವನೇ, ತಪ್ಪಾಗಿ ಈ ಕಡೆ ನಿಂತಿದ್ದೇನೆ ಅನ್ನುವುದು ಇನ್ನೊಂದು. ಎರಡನೆಯದು ಸುಲಭ ಅನ್ನಿಸುತ್ತದೆ. ಕೊನೆಗೆ ಕೈ ಕೊಡುವುದೂ ಅದೇ.

ಇನ್ನು ಹೊಟ್ಟೆಪಾಡಿನ ಮಾತು. ಇದನ್ನು ವಿದ್ಯಾವಂತರು ತೀರಾ ಹಗುರವಾಗಿ ತಳ್ಳಿಹಾಕುತ್ತಾರೆ, ಅದು ತಪ್ಪು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2016ರಲ್ಲಿ ವಲಸೆಯ ಲಾಭ ನಷ್ಟದ ಬಗ್ಗೆ ದೊಡ್ಡ ವರದಿ ತಂದವು. ದೇಶದ ಒಟ್ಟು ಕೂಲಿ ಮಟ್ಟದ ಮೇಲೆ ದೀರ್ಘಕಾಲದಲ್ಲಿ ಪರಿಣಾಮ ಬಹಳ ಕಡಿಮೆ ಅಂತ ಅದು ಹೇಳಿತು. ಪೆಟ್ಟು ಬೀಳುವುದಿದ್ದರೆ ಮೊದಲು ಬೀಳುವುದು ಹಿಂದೆ ಬಂದ ವಲಸಿಗರ ಮೇಲೆ, ಆಮೇಲೆ ಹೈಸ್ಕೂಲು ಮುಗಿಸದ ಸ್ಥಳೀಯರ ಮೇಲೆ ಅಂತಲೂ ಹೇಳಿತು. ಯೋಚಿಸಿ ನೋಡಿದರೆ ಸಹಜವೇ. ಹೊಸದಾಗಿ ಬಂದವನು ಬ್ಯಾಂಕ್ ಮ್ಯಾನೇಜರನ ಕುರ್ಚಿಗೆ ಬರುವುದಿಲ್ಲ. ನಿನ್ನೆ ಬಂದವನು ಮಾಡುತ್ತಿರುವ ಕೆಲಸಕ್ಕೆ ಬರುತ್ತಾನೆ.

ಸೀಸರ್ ಚಾವೆಜ್ ಹೆಸರು ಕೇಳಿರಬಹುದು. ಅಮೆರಿಕದ ಹೊಲದ ಕೂಲಿಗಳ ಸಂಘ ಕಟ್ಟಿದವರು, ಸ್ವತಃ ಮೆಕ್ಸಿಕನ್ ಮೂಲದವರು. ಅವರ ಸಂಘ ಮುಷ್ಕರ ಹೂಡಿದಾಗಲೆಲ್ಲ ತೋಟದ ಮಾಲೀಕರು ಗಡಿಯಾಚೆಯಿಂದ ಕಾಗದ ಪತ್ರ ಇಲ್ಲದ ಕೂಲಿಗಳನ್ನು ಕರೆತಂದು ಮುಷ್ಕರ ಮುರಿಯುತ್ತಿದ್ದರು. 1974ರಲ್ಲಿ ಚಾವೆಜ್ ಅವರ ಸಂಘ ಅಂಥ ಕೂಲಿಗಳನ್ನು ಗುರುತಿಸಿ ಸರ್ಕಾರಕ್ಕೆ ತಿಳಿಸುವ ಅಭಿಯಾನವನ್ನೇ ನಡೆಸಿತು. ಸಂಘದವರು ಅರಿಜೋನಾ ಗಡಿಯಲ್ಲಿ ಕಾವಲು ನಿಂತರು. ತಮ್ಮದೇ ಭಾಷೆ, ತಮ್ಮದೇ ಮುಖದ ಜನರ ವಿರುದ್ಧ. ಅಲ್ಲಿ ಹಲ್ಲೆಗಳೂ ನಡೆದವು, ಅದಕ್ಕೆ ಸಮಜಾಯಿಷಿ ಇಲ್ಲ. ಆದರೆ ಶುರುವಾಗಿದ್ದು ಜನಾಂಗ ದ್ವೇಷದಿಂದಲ್ಲ, ತಟ್ಟೆಯಿಂದ ಅನ್ನ ಜಾರುವ ಭಯದಿಂದ. ಮುಂದೆ ಅದೇ ಸಂಘ ದಾರಿ ಬದಲಿಸಿತು. ಇವರಿಗೆ ಕಾಗದ ಕೊಡಿಸಿದರೆ ಮಾಲೀಕರು ಇವರನ್ನು ಹೆದರಿಸಿ ಕಡಿಮೆ ಕೂಲಿಗೆ ದುಡಿಸಲಾಗುವುದಿಲ್ಲ ಅನ್ನುವ ಲೆಕ್ಕಕ್ಕೆ ಬಂತು. ಸುಮಾರು 27 ಲಕ್ಷ ಜನರಿಗೆ ಕಾಗದ ಕೊಡಿಸಿದ 1986ರ ಕಾನೂನನ್ನು ಬೆಂಬಲಿಸಿತು.

ಇದೇ ಇಕ್ಕಟ್ಟು ಅಮೆರಿಕದ ಕಪ್ಪು ನಾಯಕರಿಗೂ ಇತ್ತು. ಬೂಕರ್ ಟಿ. ವಾಷಿಂಗ್ಟನ್ 1895ರಲ್ಲಿ ಅಟ್ಲಾಂಟಾದಲ್ಲಿ ಬಿಳಿ ಮಾಲೀಕರಿಗೆ ಹೇಳಿದ್ದು ಇದನ್ನೇ: ಬೇರೆ ದೇಶದ, ಬೇರೆ ನಾಲಗೆಯ ಜನರನ್ನು ಯಾಕೆ ಹುಡುಕುತ್ತೀರಿ, ಇಲ್ಲೇ ನಿಮ್ಮ ಹೊಲ ಉತ್ತ ನಾವಿದ್ದೇವಲ್ಲ. ಇವರಿಗಿಂತ ಮೊದಲಿನ ಫ್ರೆಡರಿಕ್ ಡಗ್ಲಸ್ ನನಗೆ ಹೆಚ್ಚು ಕುತೂಹಲ ಹುಟ್ಟಿಸುತ್ತಾರೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು ಅವರು. 1850ರ ದಶಕದಲ್ಲಿ ಐರಿಶ್ ವಲಸಿಗರು ಕಪ್ಪು ಜನರ ಕೆಲಸಗಳನ್ನು ಕಸಿಯುತ್ತಿದ್ದಾರೆ ಅಂತ ನೊಂದು ಬರೆದಿದ್ದರು. ಅದೇ ಡಗ್ಲಸ್ 1869ರಲ್ಲಿ ಬಾಸ್ಟನ್ನಿನಲ್ಲಿ ನಿಂತು, ಚೀನೀಯರು ಬರಲಿ, ಅವರಿಗೆ ವೋಟೂ ಕೊಡಿ ಅಂದರು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು ಮನುಷ್ಯನ ಹಕ್ಕು, ಅದು ಯಾವುದೋ ಒಂದು ಬಣ್ಣದವರ ಸ್ವತ್ತಲ್ಲ ಅನ್ನುವುದು ಅವರ ವಾದ. ನೋವು ಮರೆತು ಹಾಗೆ ಹೇಳಿದರು ಅಂತ ನನಗೆ ಅನ್ನಿಸುವುದಿಲ್ಲ. ಇಂದು ಚೀನೀಯನಿಗೆ ಹಾಕಿದ ಬೀಗದ ಕೀಲಿ ನಾಳೆ ಯಾರ ಬಾಗಿಲಿಗೂ ಹೊಂದುತ್ತದೆ ಅಂತ ಅವರಿಗೆ ಗೊತ್ತಿತ್ತು ಅನ್ನಿಸುತ್ತದೆ.

'ನಾವು ನೆಟ್ಟಗಿನ ದಾರಿಯಲ್ಲಿ ಬಂದೆವು, ಇವರು ಕಳ್ಳದಾರಿಯಲ್ಲಿ ಬರುತ್ತಾರೆ' ಅಂತ ದೊಡ್ಡಪ್ಪ ಹೇಳಿಯೇ ಇರುತ್ತಾರೆ. ಈ ಮಾತು ಅರ್ಧ ನಿಜ. ಬ್ರಿಟನ್ನಿನ 1948ರ ಕಾನೂನಿನ ಪ್ರಕಾರ ಕಾಮನ್‌ವೆಲ್ತ್‌ನವರು ಯಾರು ಬೇಕಾದರೂ ಬರಬಹುದಿತ್ತು. 1962ರಲ್ಲಿ ವೋಚರ್ ಪದ್ಧತಿ ಬಂತು, ಅಂದರೆ ಕೆಲಸದ ಚೀಟಿ ಇದ್ದರೆ ಮಾತ್ರ ದುಡಿಯಲು ಬರಬಹುದಿತ್ತು. ಡಾಕ್ಟರುಗಳಂಥ ಕಸುಬುದಾರರಿಗೆ ಅದರಲ್ಲಿ ದಾರಿ ಇತ್ತು. 1968ರಲ್ಲಿ ಕೀನ್ಯಾದ ಏಷ್ಯನ್ನರು ಬರಲು ಶುರುವಾದಾಗ ಮೂರೇ ದಿನದಲ್ಲಿ ಪಾರ್ಲಿಮೆಂಟಿನಲ್ಲಿ ಕಾನೂನು ಪಾಸು ಮಾಡಿ ತಡೆದರು. ಅವರ ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇತ್ತು ಅನ್ನುವುದನ್ನು ಮರೆಯಬೇಡಿ. ಅಂದರೆ ದಾರಿ ನೆಟ್ಟಗಿದೆಯೋ ಇಲ್ಲವೋ ಅನ್ನುವುದು ನಡೆಯುವವನ ಕೈಯಲ್ಲಿಲ್ಲ. ದೊಡ್ಡಪ್ಪನಿಗೆ ಒಂದು ಸಾಲು ಇತ್ತು, ನಿಂತರು. ಎಷ್ಟೋ ಜನರಿಗೆ ಇವತ್ತು ನಿಲ್ಲಲು ಸಾಲೇ ಇಲ್ಲ.

ಪ್ರೀತಿ ಪಟೇಲ್ ಅವರ ತಂದೆ ತಾಯಿ 1960ರ ದಶಕದಲ್ಲಿ ಉಗಾಂಡಾದಿಂದ ಬಂದವರು. ಪ್ರೀತಿ ಬ್ರಿಟನ್ನಿನ ಗೃಹ ಮಂತ್ರಿಯಾಗಿ, ಕೆಲಸ, ಸಂಬಳ, ಭಾಷೆಗೆ ಅಂಕ ಕೊಟ್ಟು ಒಳಗೆ ಬಿಡುವ ಹೊಸ ವಲಸೆ ಪದ್ಧತಿ ತಂದಾಗ, 2020ರ ಫೆಬ್ರುವರಿಯಲ್ಲಿ ಒಂದು ರೇಡಿಯೊ ಸಂದರ್ಶನದಲ್ಲಿ ಇದೇ ಪ್ರಶ್ನೆ ಎದುರಾಯಿತು. ಈ ನಿಯಮ ಆಗಲೇ ಇದ್ದಿದ್ದರೆ ತಮ್ಮ ತಂದೆ ತಾಯಿಗೆ ಪ್ರವೇಶ ಸಿಗದಿರಬಹುದಿತ್ತು ಅಂತ ಅವರು ಒಪ್ಪಿಕೊಂಡರು. ಜನ ನಕ್ಕರು. ನನಗೆ ನಗು ಬರಲಿಲ್ಲ, ಅದರಲ್ಲಿ ಒಂದು ಥರದ ಪ್ರಾಮಾಣಿಕತೆ ಕಂಡಿತು.

ನೆಟ್ಟಗಿನ ದಾರಿಯಲ್ಲಿ ಬಂದವರೂ ಪಾರಾಗಲಿಲ್ಲ ಅನ್ನುವುದು 2018ರಲ್ಲಿ ಬಯಲಾಯಿತು. ಕೆರಿಬಿಯನ್ ದ್ವೀಪಗಳಿಂದ ದಶಕಗಳ ಹಿಂದೆ, ಎಷ್ಟೋ ಜನ ಮಕ್ಕಳಾಗಿದ್ದಾಗಲೇ, ಕಾನೂನುಬದ್ಧವಾಗಿ ಬಂದಿದ್ದರು. ಅವರ ಹತ್ತಿರ ಕಾಗದ ಇಲ್ಲ ಅಂತ ಕೆಲಸ ತೆಗೆದರು, ಚಿಕಿತ್ಸೆ ನಿಲ್ಲಿಸಿದರು, ಕೆಲವರನ್ನು ಗಡೀಪಾರೂ ಮಾಡಿದರು. ಅವರು ಬಂದಿಳಿದ ದಿನದ ಚೀಟಿಗಳನ್ನು ಗೃಹ ಇಲಾಖೆ 2010ರಲ್ಲಿ ತಾನೇ ನಾಶ ಮಾಡಿತ್ತು! 1948ರಲ್ಲಿ ಕೆರಿಬಿಯನ್ ವಲಸಿಗರನ್ನು ಹೊತ್ತು ತಂದ ವಿಂಡ್‌ರಶ್ ಹಡಗಿನ ಹೆಸರೇ ಆ ಹಗರಣಕ್ಕೆ ಅಂಟಿಕೊಂಡಿತು. ಗೃಹ ಮಂತ್ರಿ ಆಂಬರ್ ರಡ್ ರಾಜೀನಾಮೆ ಕೊಡಬೇಕಾಯಿತು. ಕಳ್ಳದಾರಿಯವರನ್ನು ಹಿಡಿಯಲು ಹಾಸಿದ ಬಲೆ ಅದು. ಸಿಕ್ಕಿಬಿದ್ದವರು ಇವರು.

ದೊಡ್ಡಪ್ಪನ ವೋಟಿನ ಹಿಂದೆ ಇನ್ನೊಂದು ಲೆಕ್ಕವೂ ಇದ್ದಿರಬಹುದು. ಪೋಲೆಂಡ್ 2004ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿತು. ಅಲ್ಲಿನವರು ವೀಸಾ ಇಲ್ಲದೆ ಬಂದು ಕೆಲಸ ಮಾಡಬಹುದಿತ್ತು. ಅದೇ ಬ್ರಿಟನ್ನಿನ ಪ್ರಜೆಯಾದ ಭಾರತ ಮೂಲದವರು ಭಾರತದಿಂದ ಗಂಡನನ್ನೋ ಹೆಂಡತಿಯನ್ನೋ ಕರೆತರಬೇಕಾದರೆ 2012ರಿಂದ ವರ್ಷಕ್ಕೆ 18,600 ಪೌಂಡ್ ಆದಾಯ ತೋರಿಸಬೇಕಿತ್ತು. ಇದು ಎಲ್ಲಿಯ ನ್ಯಾಯ ಅನ್ನಿಸಿದರೆ ತಪ್ಪೇನು? ಬಾಂಗ್ಲಾದೇಶಿ ಮೂಲದ ಹೋಟೆಲ್ ಮಾಲೀಕರಲ್ಲಿ ಹಲವರು 2016ರಲ್ಲಿ ಹೊರಬರುವ ಪರ ನಿಂತಿದ್ದು ಇದಕ್ಕೇ. ಯುರೋಪಿನವರಿಗೆ ಬಾಗಿಲು ಮುಚ್ಚಿದರೆ ತಮ್ಮ ಅಡುಗೆಯವರಿಗೆ ತೆರೆಯುತ್ತದೆ ಅನ್ನುವ ಆಸೆ. ಪ್ರಚಾರದಲ್ಲಿ ಆ ಆಸೆಗೆ ನೀರೂ ಎರೆದಿದ್ದರು. ಆಮೇಲೆ ಏನಾಯಿತು? ಯುರೋಪಿನ ಹೊರಗಿನಿಂದ ಬರುವವರು ಜಾಸ್ತಿಯೇ ಆದರು. 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ಬಂದವರಿಂದ ಹೋದವರನ್ನು ಕಳೆದರೆ ಉಳಿದ ಸಂಖ್ಯೆ 9 ಲಕ್ಷ ದಾಟಿತ್ತು. ಅದರಲ್ಲಿ ವಿದ್ಯಾರ್ಥಿಗಳು, ಆಸ್ಪತ್ರೆ ಮತ್ತು ವೃದ್ಧರ ಆರೈಕೆಯ ಕೆಲಸದವರು ದೊಡ್ಡ ಪಾಲು. ಹೋಟೆಲಿನವರು ಕಾದ ಅಗ್ಗದ ವೀಸಾ ಮಾತ್ರ ಬರಲಿಲ್ಲ.

ಈವರೆಗೆ ಹೇಳಿದ್ದು ಬೇರೆ ಕಡೆಯಿಂದ ಬಂದು ಅಲ್ಪಸಂಖ್ಯಾತರಾದವರ ಬಗ್ಗೆ. ಎಲ್ಲಿಂದಲೂ ಬರದೆ, ಇದ್ದಲ್ಲೇ ಅಲ್ಪಸಂಖ್ಯಾತರಾದವರೂ ಇದ್ದಾರೆ. ಅವರ ಮಾತಿನ ತೂಕ ಬೇರೆ. ಇವರನ್ನು ದೊಡ್ಡಪ್ಪನ ಸಾಲಿಗೆ ಸೇರಿಸಬಾರದು.

ತ್ರಿಪುರಾ ನೋಡಿ. 1941ರಲ್ಲಿ ಅಲ್ಲಿನ ಜನರಲ್ಲಿ ಬುಡಕಟ್ಟಿನವರು ಸುಮಾರು ಅರ್ಧ. ದೇಶ ವಿಭಜನೆಯಾಗಿ, ಪೂರ್ವ ಪಾಕಿಸ್ತಾನದಿಂದ ಬಂಗಾಳಿ ಹಿಂದೂಗಳು ಅಲೆಅಲೆಯಾಗಿ ಬಂದರು. 1981ರ ಹೊತ್ತಿಗೆ ಬುಡಕಟ್ಟಿನವರು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆಯಾಗಿದ್ದರು. 2011ರಲ್ಲಿ ಶೇ 31.8. ಬಂದವರು ದಾಳಿ ಮಾಡಲು ಬಂದವರಲ್ಲ, ಮನೆ ಸುಟ್ಟುಕೊಂಡು ಓಡಿಬಂದವರು. ಇದ್ದವರು ಕೆಟ್ಟವರಲ್ಲ, ತಮ್ಮ ನೆಲದಲ್ಲೇ ಅತಿಥಿಗಳಾದವರು. ಎರಡೂ ಕಡೆ ಅನ್ಯಾಯವಾದವರೇ ಇದ್ದಾಗ ಯಾರನ್ನು ಬೈಯುತ್ತೀರಿ? 1980ರಲ್ಲಿ ಮಂದಾಯಿ ಅನ್ನುವ ಊರಿನಲ್ಲಿ ಆದ ಬಂಗಾಳಿಗಳ ಹತ್ಯಾಕಾಂಡ ಈ ಗಾಯದಿಂದ ಸುರಿದ ರಕ್ತ. ಮುಂದೆ ರಾಜ್ಯದ ಮೂರನೇ ಎರಡು ಭಾಗದಷ್ಟು ನೆಲಕ್ಕೆ ಬುಡಕಟ್ಟಿನ ಸ್ವಾಯತ್ತ ಮಂಡಳಿ ಬಂತು, 1985ರಲ್ಲಿ ಅದು ಬುಡಕಟ್ಟು ಪ್ರದೇಶಗಳ ಸ್ವಂತ ಆಡಳಿತ ಕುರಿತ ಸಂವಿಧಾನದ ಆರನೇ ಶೆಡ್ಯೂಲಿಗೆ ಸೇರಿತು. ಗಾಯ ವಾಸಿಯಾಗಲಿಲ್ಲ, ಒಂದು ಪಟ್ಟಿ ಕಟ್ಟಿದಂತಾಯಿತು.

ಕೆನಡಾದ ಕ್ವಿಬೆಕ್‌ನಲ್ಲಿ ಫ್ರೆಂಚ್ ಮಾತನಾಡುವವರು ಬಹುಸಂಖ್ಯಾತರು, ಇಡೀ ಖಂಡದಲ್ಲಿ ಮಾತ್ರ ಹಿಡಿಯಷ್ಟು. ವಲಸೆ ಬಂದವರ ಮಕ್ಕಳು ಇಂಗ್ಲಿಷ್ ಶಾಲೆಗೇ ಸೇರುತ್ತಿದ್ದರು. 1977ರ ಕಾನೂನು ಅವರನ್ನು ಫ್ರೆಂಚ್ ಶಾಲೆಗೆ ಕಳಿಸಿತು. ಬರಬೇಡಿ ಅನ್ನಲಿಲ್ಲ, ಬಂದರೆ ನಮ್ಮ ಭಾಷೆ ಕಲಿಯಿರಿ ಅಂದಿತು. ಇದು ನನಗೆ ಬುದ್ಧಿವಂತ ದಾರಿ ಅನ್ನಿಸುತ್ತದೆ, ಕಡ್ಡಾಯ ಅನ್ನುವುದು ಕೆಲವರಿಗೆ ಚುಚ್ಚಿದರೂ. ಆದರೆ 1995ರಲ್ಲಿ ಬೇರೆ ದೇಶವಾಗುವ ಜನಮತ ಕೂದಲೆಳೆಯಲ್ಲಿ ಸೋತಾಗ, ಪ್ರಾಂತ್ಯದ ಮುಖ್ಯಸ್ಥ ಜಾಕ್ ಪರಿಜೊ ದುಡ್ಡನ್ನೂ ವಲಸೆ ಮೂಲದವರ ವೋಟನ್ನೂ ದೂರಿದರು. ಫ್ರೆಂಚ್ ಕಲಿತ ಮಕ್ಕಳೂ ಅವತ್ತು ಒಂದೇ ವಾಕ್ಯದಲ್ಲಿ ಮತ್ತೆ ಹೊರಗಿನವರಾದರು.

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ತಕರಾರು ಇನ್ನೂ ಸೂಕ್ಷ್ಮ. 1840ರ ವೈತಾಂಗಿ ಒಪ್ಪಂದ ಇಬ್ಬರ ನಡುವಿನದು, ಮಾವೊರಿ ಮತ್ತು ಬ್ರಿಟಿಷ್ ರಾಣಿ. ದೇಶ ಬಹುಸಂಸ್ಕೃತಿಯದು ಅಂತ ಸರ್ಕಾರ ಸಂಭ್ರಮಿಸಿದಷ್ಟೂ, ಒಪ್ಪಂದದ ಸಮಪಾಲುದಾರರು ಹತ್ತು ಗುಂಪುಗಳಲ್ಲಿ ಒಂದಾಗಿಬಿಡುತ್ತಾರೆ. 2023ರ ಜನಗಣತಿಯಲ್ಲಿ ಮಾವೊರಿಗಳು ಶೇ 17.8, ಏಷ್ಯಾ ಮೂಲದವರು ಶೇ 17.3. ಬಂದವರ ಮೇಲೆ ಸಿಟ್ಟಿಲ್ಲದ ಮಾವೊರಿಯೂ ಕೇಳುತ್ತಾನೆ: ಅತಿಥಿಗಳನ್ನು ಕರೆಯುವಾಗ ಮನೆಯವರನ್ನು ಒಂದು ಮಾತು ಕೇಳಿದಿರಾ? ಅಲ್ವಾ?

ಮಿಜೋರಾಂ ಉದಾಹರಣೆ ಇಲ್ಲದಿದ್ದರೆ ಈ ಉತ್ತರ ಅರೆಬರೆ. 2021ರ ಫೆಬ್ರುವರಿಯಲ್ಲಿ ಮ್ಯಾನ್ಮಾರ್‌ನಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡಾಗ ಚಿನ್ ಜನ ಗಡಿ ದಾಟಿ ಬಂದರು. ಒಳಗೆ ಬಿಡಬೇಡಿ ಅಂತ ಕೇಂದ್ರ ಸರ್ಕಾರ ಪತ್ರ ಬರೆಯಿತು. ಆಗಿನ ಮುಖ್ಯಮಂತ್ರಿ ಜೋರಮ್‌ಥಾಂಗಾ ಒಪ್ಪಲಿಲ್ಲ, ಇವರು ನಮ್ಮ ರಕ್ತಸಂಬಂಧಿಗಳು ಅಂತ ಪ್ರಧಾನಿಗೆ ಬರೆದರು. ಚರ್ಚುಗಳು, ಹಳ್ಳಿಯವರು, ಯುವ ಸಂಘದವರು ಅಕ್ಕಿ, ಬಟ್ಟೆ, ಸೂರು ಕೊಟ್ಟರು. 30,000ಕ್ಕೂ ಹೆಚ್ಚು ಜನರಿಗೆ! ನೋಡಿದರೆ ಮನಸ್ಸು ತುಂಬುತ್ತದೆ. ಅದೇ ರಾಜ್ಯದಿಂದ 1997ರಲ್ಲಿ ಬ್ರೂ ಅನ್ನುವ ಇನ್ನೊಂದು ಬುಡಕಟ್ಟಿನ ಜನ ಗಲಭೆಗೆ ಹೆದರಿ ಓಡಿ ತ್ರಿಪುರಾದ ಶಿಬಿರಗಳನ್ನು ಸೇರಿದ್ದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಅಲ್ಲೇ ಇದ್ದರು. 2020ರ ಒಪ್ಪಂದ ಅವರನ್ನು ತ್ರಿಪುರಾದಲ್ಲೇ ನೆಲೆಗೊಳಿಸಿತು. ಅಲ್ಲೇ ಇರುವ ಚಕ್ಮಾ ಬುಡಕಟ್ಟಿನ ಜನರನ್ನೂ ಹೊರಗಿನವರು ಅಂತ ಕಾಣುವ ಮಿಜೋಗಳು ಈಗಲೂ ಬಹಳ. ಒಂದೇ ಸಮುದಾಯ, ಒಂದೇ ಕಾಲ. ಹಾಗಾಗಿ 'ಅಲ್ಪಸಂಖ್ಯಾತರು ವಲಸೆಯ ಪರವೋ ವಿರುದ್ಧವೋ' ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ. ಯಾರ ವಲಸೆ ಅಂತ ಕೇಳಬೇಕು.

ಈಗ ಪೋಲೆಂಡಿನ ಪಕ್ಕದ ಮನೆಯವರು. ಇದನ್ನು ನೀವು ತಮಾಷೆ ಅಂದಿರಿ. ನನಗೆ ನಿಮ್ಮ ಪತ್ರದಲ್ಲಿ ಮುಖ್ಯ ಅನ್ನಿಸಿದ ಸಾಲೇ ಅದು. ದೇಶಕ್ಕೆ ಎಷ್ಟು ಜನ ಬರಬೇಕು ಅನ್ನುವುದು ಒಂದು ಪ್ರಶ್ನೆ. ಬಂದವರ ಜೊತೆ ಹೇಗೆ ಬಾಳಬೇಕು ಅನ್ನುವುದು ಬೇರೆಯೇ ಪ್ರಶ್ನೆ. ವಲಸೆ ಹೆಚ್ಚಲಿ ಅನ್ನುವ ಎಷ್ಟೋ ಮಂದಿ ಪಕ್ಕದ ಮನೆಯ ವಲಸಿಗನ ಹೆಸರೂ ಕೇಳಿರುವುದಿಲ್ಲ. ಸಾಕು ಅನ್ನುವ ದೊಡ್ಡಪ್ಪ ಪಕ್ಕದವರ ಮಗುವಿಗೆ ಜ್ವರ ಬಂದರೆ ಎದ್ದು ಹೋಗುತ್ತಾರೆ, ಡಾಕ್ಟರಲ್ವಾ.

ಗಾರ್ಡನ್ ಆಲ್ಪೋರ್ಟ್ ಅನ್ನುವ ಮನಶ್ಶಾಸ್ತ್ರಜ್ಞ 1954ರಲ್ಲೇ ಹೇಳಿದ್ದರು. ಬೇರೆ ಬೇರೆ ಗುಂಪಿನವರು ಸುಮ್ನೆ ಎದುರುಬದುರಾದರೆ ಸಾಲದು. ಸಮಾನರಾಗಿ ಸೇರಬೇಕು, ಒಂದೇ ಕೆಲಸಕ್ಕೆ ಕೈಹಾಕಬೇಕು, ಮೇಲಿನವರ ಒಪ್ಪಿಗೆ ಇರಬೇಕು, ಆಗ ಅಸಹನೆ ಕರಗುತ್ತದೆ. ರಾಬರ್ಟ್ ಪಟ್ನಮ್ ಅನ್ನುವ ರಾಜಕೀಯ ಶಾಸ್ತ್ರಜ್ಞ 2007ರಲ್ಲಿ ಇದರ ಇನ್ನೊಂದು ಮಗ್ಗುಲು ತೋರಿಸಿದರು. ಅಮೆರಿಕದಲ್ಲಿ ಸುಮಾರು 30,000 ಜನರ ಸಮೀಕ್ಷೆ ಅದು. ಬಗೆಬಗೆಯ ಜನ ಇರುವ ಬಡಾವಣೆಗಳಲ್ಲಿ ಸದ್ಯದ ಮಟ್ಟಿಗೆ ನಂಬಿಕೆ ಕಡಿಮೆ. ತಮ್ಮವರ ಮೇಲಿನ ನಂಬಿಕೆಯೂ ಕಡಿಮೆ. ಆಮೆ ಚಿಪ್ಪಿನೊಳಗೆ ಹೋದಂತೆ ಜನ ಮನೆಯೊಳಗೆ ಸೇರಿಕೊಳ್ಳುತ್ತಾರೆ. ಕಾಲ ಕಳೆದಂತೆ ಹೊಸದೊಂದು 'ನಾವು' ಹುಟ್ಟಬಹುದು ಅಂತಲೂ ಅವರು ಬರೆದರು. ಆ ಎರಡನೇ ಮಾತನ್ನು ಎತ್ತಿ ಹೇಳುವವರು ಕಡಿಮೆ.

ಹಾಗೆ ಹುಟ್ಟಿದ ಒಂದು 'ನಾವು' ಲಂಡನ್ನಿನಲ್ಲಿತ್ತು. 1968ರಲ್ಲಿ ಪೊವೆಲ್ ಭಾಷಣ ಮಾಡಿದಾಗ ಲಂಡನ್ ಬಂದರಿನ ಕೂಲಿಗಳು ಅವರ ಪರ ಪಾರ್ಲಿಮೆಂಟಿಗೆ ಮೆರವಣಿಗೆ ಹೋಗಿದ್ದರು. 1976ರಲ್ಲಿ ಗ್ರನ್ವಿಕ್ ಅನ್ನುವ ಫೋಟೊ ತೊಳೆಯುವ ಕಾರ್ಖಾನೆಯಲ್ಲಿ ಜಯಾಬೆನ್ ದೇಸಾಯಿ ಕೆಲಸ ಬಿಟ್ಟು ಹೊರಬಂದರು. ಗುಜರಾತಿನಲ್ಲಿ ಹುಟ್ಟಿ, ತಾಂಜಾನಿಯಾ ದಾಟಿ ಬಂದ, ಸೀರೆಯುಟ್ಟ ಸಣ್ಣ ಮೈಕಟ್ಟಿನ ಹೆಂಗಸು. ಅವರ ಹಿಂದೆ ಏಷ್ಯನ್ ಹೆಂಗಸರು ಬಂದರು. ಕಾರ್ಖಾನೆಯ ವ್ಯವಹಾರವೆಲ್ಲ ಅಂಚೆಯಲ್ಲಿ ನಡೆಯುತ್ತಿತ್ತು. ಬಿಳಿ ಅಂಚೆ ನೌಕರರು ಆ ಚೀಲಗಳನ್ನು ಮುಟ್ಟುವುದಿಲ್ಲ ಅಂದರು. ಗಣಿ ಕಾರ್ಮಿಕರು ಬಂದರು, ಬಂದರಿನ ಕೂಲಿಗಳೂ ಬಂದರು. ಮುಷ್ಕರ 1978ರಲ್ಲಿ ಸೋತಿತು, ದೊಡ್ಡ ಸಂಘಗಳು ಕೊನೆಗೆ ಕೈಬಿಟ್ಟವು ಅಂತ ಜಯಾಬೆನ್ ಅವರಿಗೆ ಕಹಿಯೂ ಇತ್ತು. ಆದರೂ ಎಂಟೊಂಬತ್ತು ವರ್ಷದಲ್ಲಿ ಬಂದರಿನ ಕೂಲಿಗಳು ಎಲ್ಲಿಂದ ಎಲ್ಲಿಗೆ ಬಂದರು ನೋಡಿ. ಯಾರೂ ಅವರಿಗೆ ಸಹನೆಯ ಮೇಲೆ ಪ್ರವಚನ ಕೊಟ್ಟಿರಲಿಲ್ಲ.

ದೊಡ್ಡಪ್ಪನಿಗೂ ಪ್ರವಚನ ಬೇಡ. 'ನೀವೂ ವಲಸಿಗರೇ ಅಲ್ವಾ' ಅಂತ ಚುಚ್ಚಿದರೆ ಅವರು ಇನ್ನಷ್ಟು ಗಟ್ಟಿಯಾಗುತ್ತಾರೆ. ಆ ಮಾತು ಅವರು ಐವತ್ತು ವರ್ಷದಿಂದ ಬೇರೆಯವರ ಬಾಯಲ್ಲಿ ಕೇಳಿ ಕೇಳಿ ಬೆಂದಿರುವುದು. ಬಿಡಿಬಿಡಿಯಾಗಿ ಕೇಳಿ. ಎಷ್ಟು ಜನ ಬರಬಹುದು ಅನ್ನುತ್ತೀರಿ? ಯಾವ ಕೆಲಸಕ್ಕೆ? ನಿಮ್ಮ ಹಳೆಯ ಆಸ್ಪತ್ರೆಯಲ್ಲಿ ಈಗ ರಾತ್ರಿ ಪಾಳಿಯಲ್ಲಿ ಇರುವವರು ಯಾರು? ಬಹುಶಃ ನೀವಂದುಕೊಂಡಷ್ಟು ಒರಟಾದ ಉತ್ತರ ಬರುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನೂ ಕೇಳಿ, ಇದು ನನ್ನ ಕುತೂಹಲಕ್ಕೆ. 1969ರಲ್ಲಿ ಎಲ್ಲರೂ ಇಲ್ಲ ಅಂದ ಮೇಲೆ ಕೊನೆಗೆ ಅವರಿಗೆ ರೂಮು ಬಾಡಿಗೆಗೆ ಕೊಟ್ಟವರು ಯಾರು? ಆ ತಲೆಮಾರಿನವರ ನೆನಪುಗಳಲ್ಲಿ ಬರುವ ಮನೆಯೊಡೆಯರು ಎಷ್ಟೋ ಸಲ ಐರಿಶ್ ಆಗಿರುತ್ತಾರೆ, ಇಲ್ಲವೇ ಯುದ್ಧ ಮುಗಿದ ಮೇಲೆ 1947ರ ಪುನರ್ವಸತಿ ಕಾನೂನಿನಡಿ ಅಲ್ಲೇ ಉಳಿದುಕೊಂಡ ಪೋಲೆಂಡಿನವರು. ದೊಡ್ಡಪ್ಪ ಏನು ಹೇಳಿದರು ಅಂತ ನನಗೂ ಎರಡು ಸಾಲು ಬರೆಯಿರಿ.